ಬಿದರಿಯ ಎರಡು ಕಪ್ಪುಗಳು: ಲೋಹಗಳ ಉತ್ಕರ್ಷಣ ಮತ್ತು ಅಪಕರ್ಷಣ

ಬಿದರಿ ಕಲೆಯನ್ನು ಕುರಿತ ಬರಹಗಳಲ್ಲಿ ಬೀದರ ಕೋಟೆಯ ಮಣ್ಣಿಗೆ ದೊರೆತಿರುವ ಪ್ರಾಧಾನ್ಯ ಮೈಲುತುತ್ತಕ್ಕೆ ದೊರೆತಿಲ್ಲ. ಬಹುಮನಿ ಅರಸರ ಕಾಲದಲ್ಲಿ ಇರಾನಿನ ಕುಶಲಿಗಳು ಈ ಕಲೆಯನ್ನು ತಂದರೆಂಬ ಐತಿಹ್ಯವೂ ಮಣ್ಣಿನ ಮಹಿಮೆಯ ಮಾತುಗಳೂ ಜನಜನಿತವಾಗಿವೆ. ಉಳಿದು ಬಂದಿರುವ ಹಳೆಯ ಪಾತ್ರೆಗಳಾದರೋ ಬಹುಮಟ್ಟಿಗೆ 17ನೆಯ ಶತಮಾನದಿಂದ ಈಚಿನವು. ಲೋಹಗಳ ನಡುವಣ ರಾಸಾಯನಿಕ ಕ್ರಿಯೆಯನ್ನು ಅರಿಯಬಯಸುವವರು ಮಣ್ಣಿಗಿಂತ ಮೊದಲು ಮೈಲುತುತ್ತದ ಹಂತವನ್ನು ಗಮನಿಸಬೇಕಾಗುತ್ತದೆ.

ಬಿದರಿಯ ಲೋಹದಲ್ಲಿ ಸತುವಿನದೇ ಸಿಂಹಪಾಲು, ತಾಮ್ರ ಅಲ್ಪ. 1814ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಬೆಂಜಮಿನ್ ಹೈನೆಯ ಗ್ರಂಥವು ಈ ಮಿಶ್ರಣದ ವಿವರವನ್ನು ದಾಖಲಿಸಿದೆ. ಎರಕ ಹೊಯ್ದು ಅರದಿಂದ ನಯಗೊಳಿಸಿದ ಪಾತ್ರೆ ಬೆಳ್ಳಗೆ ಹೊಳೆಯುವುದರಿಂದ ಅದರ ಮೇಲೆ ಗೀರಿದ ಗೆರೆ ಕಣ್ಣಿಗೆ ಸ್ಪಷ್ಟವಾಗಿ ಕಾಣದು. ಆದುದರಿಂದ ಕುಶಲಕರ್ಮಿಯು ಮೈಲುತುತ್ತದ ನೀಲಿ ದ್ರಾವಣವನ್ನು ಅದಕ್ಕೆ ಸವರುತ್ತಾನೆ. ಮೇಲ್ಮೈ ಕೂಡಲೇ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನಚಾದ ಕಡ್ಡಿಯಿಂದ ಚಿತ್ತಾರ ಗೀರಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಲಾಗುತ್ತದೆ. ಅನಂತರ ಮೇಲ್ಮೈಯನ್ನು ಉಜ್ಜಿದಾಗ ಈ ಕಪ್ಪು ಅಳಿಸಿಹೋಗುತ್ತದೆ. ಇದು ತಾತ್ಕಾಲಿಕ ಕಪ್ಪು.

ಇದನ್ನು ಕಬ್ಬಿಣದ ತುಕ್ಕಿನಂತೆ ಉತ್ಕರ್ಷಣದ ಫಲವೆಂದು ಭಾವಿಸುವುದು ಸಹಜ. ಆದರೆ ಅದು ತಪ್ಪು. ಇಲ್ಲಿ ಕಪ್ಪಾಗಿ ತೋರುವುದು ಮುಖ್ಯವಾಗಿ ತಾಮ್ರವೇ. ಕಣಗಳು ಅತಿಸೂಕ್ಷ್ಮವಾಗಿರುವುದರಿಂದ ಅದರ ಸಹಜವಾದ ಕೆಂಪು ಕಾಣಿಸದು. ದ್ರಾವಣದಲ್ಲಿದ್ದ ತಾಮ್ರದ ಅಯಾನು ಎರಡು ಎಲೆಕ್ಟ್ರಾನುಗಳನ್ನು ಪಡೆದು ಲೋಹವಾಯಿತು, ಇದು ಅಪಕರ್ಷಣ. ಆ ಎಲೆಕ್ಟ್ರಾನುಗಳನ್ನು ಕೊಟ್ಟ ಸತುವು ಅಯಾನಾಗಿ ದ್ರಾವಣಕ್ಕಿಳಿಯಿತು, ಇದು ಉತ್ಕರ್ಷಣ. ಸಲ್ಫೇಟು ಈ ಕೊಡುಕೊಳೆಯಲ್ಲಿ ಭಾಗಿಯಲ್ಲ. ಅಂದರೆ ಉತ್ಕರ್ಷಣಗೊಂಡ ಲೋಹ ಕಣ್ಮರೆಯಾಗಿ, ಅಪಕರ್ಷಣಗೊಂಡದ್ದು ಕಣ್ಣಿಗೆ ಬೀಳುತ್ತದೆ. ಬಣ್ಣವೊಂದನ್ನೇ ನಂಬಿದವರು ಎಡವುವುದು ಇಲ್ಲಿಯೇ. ಉತ್ಕರ್ಷಣವೆಂದರೆ ಆಮ್ಲಜನಕದೊಡನೆ ಕೂಡುವುದೆಂಬ, 18ನೆಯ ಶತಮಾನದ ಕೊನೆಯಲ್ಲಿ ಲವಾಸಿಯೆಯಿಂದ ನೆಲೆಗೊಂಡ ವಿವರಣೆಯೂ ಇಲ್ಲಿ ನೆರವಾಗದು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ತರುವಾಯವೇ ಇಂತಹ ಕ್ರಿಯೆಗಳನ್ನು ಎಲೆಕ್ಟ್ರಾನಿನ ಲೆಕ್ಕದಲ್ಲಿ ವಿವರಿಸುವುದು ಸಾಧ್ಯವಾಯಿತು.

ಎರಡನೆಯ ಕಪ್ಪಿನ ಬಗೆ ಬೇರೆ. ಕೋಟೆಯ ಹಳೆಯ ಭಾಗಗಳ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕುದಿಸಿ, ಪಾತ್ರೆಯನ್ನು ಅದರಲ್ಲಿ ಅದ್ದಿದಾಗ ಸತು-ತಾಮ್ರದ ಮೇಲ್ಮೈ ಸಂಯುಕ್ತಗಳಾಗಿ ಮಾರ್ಪಟ್ಟು ಶಾಶ್ವತವಾಗಿ ಕಪ್ಪಾಗುತ್ತದೆ. ಇಲ್ಲಿ ಕಪ್ಪು ಉತ್ಕರ್ಷಣದ ಕಡೆಗೆ ಸೇರಿದುದು. ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಲ್ಲಿ ಸತು ಮುಂದು, ತಾಮ್ರ ಅದಕ್ಕಿಂತ ಹಿಂದು, ಬೆಳ್ಳಿ ಎಲ್ಲಕ್ಕಿಂತ ಹಿಂದು. ಆದ್ದರಿಂದಲೇ ಬೆಳ್ಳಿಯ ಚಿತ್ತಾರ ಬೆಳ್ಳಗೆ ಉಳಿಯುತ್ತದೆ. ಶುದ್ಧ ಸತುವಿನ ಮೇಲೆ ಬಿದರಿಯ ಈ ಕಪ್ಪು ಮೂಡದೆಂಬುದನ್ನು ಪರೀಕ್ಷೆಗಳು ತೋರಿಸಿವೆ. ಮಣ್ಣಿನ ಮಹಿಮೆಯನ್ನಷ್ಟೇ ಹೊಗಳುವ ಬರಹಗಳು ಮಿಶ್ರಣದಲ್ಲಿರುವ ತಾಮ್ರದ ಪಾತ್ರವನ್ನು ಮರೆತಿವೆ.

ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ ಆರಿಸುವ ರೂಢಿಯನ್ನು ಕೆಲವರು ನಂಬಿಕೆಯ ಖಾತೆಗೆ ಸೇರಿಸಿದ್ದಾರೆ. ಮಣ್ಣಿನ ಲವಣಾಂಶವನ್ನು ಅಳೆಯಲು ಕುಶಲಕರ್ಮಿಯ ಬಳಿಯಿದ್ದ ಸಾಧನ ಅದೊಂದೇ.