ಎಲ್ಲ ಮಗ್ಗವೂ ಜಕಾರ್ಡ್ ಅಲ್ಲ: ಒಂದು ಟೈಪ್ ಎರರ್‌ನ ಇತಿಹಾಸ



ನಮ್ಮ ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಈಗ ಅಲ್ಲಿ ಸಾದಾ ಮಗ್ಗವಿದೆ, ಡಾಬಿ ಇದೆ, ಜಕಾರ್ಡ್ ಇದೆ. ಎಲ್ಲವೂ ನೇಯುತ್ತವೆ. ಆದರೆ ಡಿಸೈನ್ ಕಾರ್ಡ್ ಜಕಾರ್ಡ್‌ಗೆ ಇದೆ, ಸಾದಾ ಮಗ್ಗಕ್ಕಿಲ್ಲ.

ಪಗಾರದ ಲೆಕ್ಕಕ್ಕೆ ನಾವೊಂದು ಪ್ರೋಗ್ರಾಂ ಬರೆಯುತ್ತೇವೆ ಎನ್ನೋಣ. ‘ಮಗ್ಗ’ ತಾಯಿ ಕ್ಲಾಸ್, ‘ಜಕಾರ್ಡ್’ ಅದರ ಸಬ್‌ಕ್ಲಾಸ್. ಪಟ್ಟಿಯ ಪ್ರತಿ ಮಗ್ಗವನ್ನೂ ಜಕಾರ್ಡ್ ಎಂದು ಕ್ಯಾಸ್ಟ್ ಮಾಡಿ ‘ಕಾರ್ಡ್‌ಕೂಲಿ’ ಮೆಥಡ್ ಕರೆದರೆ ಕಂಪೈಲರ್ ಸುಮ್ಮನಿರುತ್ತದೆ. ಸಾದಾ ಮಗ್ಗದ ಸರದಿ ಬಂದಾಗ ಜಾವಾ ‘ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಶನ್’ ಎಂದು ನಿಂತುಬಿಡುತ್ತದೆ. ಕ್ಯಾಸ್ಟ್ ಬರೆದ ಮಾತ್ರಕ್ಕೆ ಸಾದಾ ಮಗ್ಗ ಜಕಾರ್ಡ್ ಆಗುವುದಿಲ್ಲ. ಪಗಾರದ ದಿನ ಲೆಕ್ಕ ಅರ್ಧಕ್ಕೆ ನಿಂತರೆ ಕಷ್ಟ ನೇಕಾರರ ಮನೆಗೆ.

ಈ ತೊಡಕು ಸಬ್‌ಕ್ಲಾಸ್‌ನಷ್ಟೇ ಹಳೆಯದು. ಪರಿಹಾರವೂ ಅಷ್ಟೇ ಹಳೆಯದು. 1960ರ ದಶಕದಲ್ಲಿ ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಸಿಮುಲಾ ಭಾಷೆ ಕಟ್ಟಿದರು. ಟೋಲ್ ಕಟ್ಟೆಯ ಮುಂದೆ ಒಂದೇ ಸಾಲಿನಲ್ಲಿ ನಿಂತ ಲಾರಿ, ಬಸ್ಸುಗಳನ್ನು ‘ವಾಹನ’ ಎಂದು ಒಟ್ಟಿಗೆ ಹೇಳುವುದು ಹೇಗೆ ಎಂಬಂಥ ಪ್ರಶ್ನೆಗಳು ಅವರ ಮುಂದಿದ್ದವು. ಸಿಮುಲಾ 67ರಲ್ಲಿ ಸಬ್‌ಕ್ಲಾಸ್ ಜೊತೆಗೇ ಎರಡು ದಾರಿಗಳೂ ಇದ್ದವು.

ಮೊದಲನೆಯದು ವರ್ಚುವಲ್ ಪ್ರೊಸೀಜರ್. ‘ಕೂಲಿ’ ಎಂಬ ಮೆಥಡ್ಅನ್ನು ತಾಯಿ ಕ್ಲಾಸಿನಲ್ಲೇ ಇಡಿ. ಸಾದಾ ಮಗ್ಗ ತನ್ನ ಕೂಲಿ ಹೇಳಲಿ, ಜಕಾರ್ಡ್ ಕಾರ್ಡಿನ ಕೂಲಿಯನ್ನೂ ಸೇರಿಸಿ ಹೇಳಲಿ. ಇದು ಯಾವ ಮಗ್ಗ ಎಂದು ನಾವು ಕೇಳುವ ಅಗತ್ಯವೇ ಬರುವುದಿಲ್ಲ. ಎರಡನೆಯದು ‘ಇನ್‌ಸ್ಪೆಕ್ಟ್’. ಕಾರ್ಡ್ ಬದಲಿಸುವಂಥ ಕೆಲಸ ಜಕಾರ್ಡ್‌ಗೆ ಮಾತ್ರ ಸೇರಿದ್ದಾದರೆ, ಮೊದಲು ಯಾವ ಬಗೆಯೆಂದು ನೋಡಿ, ಆಮೇಲೆ ಕರೆಯಿರಿ.

ಮುಂದಿನ ಭಾಷೆಗಳು ಇದೇ ದಾರಿಯನ್ನು ಹಸನು ಮಾಡಿದವು. 1995ರ ಜಾವಾದಲ್ಲಿ ‘ಇನ್‌ಸ್ಟೆನ್ಸ್‌ಆಫ್’ ಇತ್ತು. 2004ರ ಜೆನೆರಿಕ್ಸ್‌ನಿಂದ ‘ಜಕಾರ್ಡ್‌ಗಳ ಪಟ್ಟಿ’ ಎಂದೇ ಬರೆಯಲು ಸಾಧ್ಯವಾಗಿ, ಸಾದಾ ಮಗ್ಗ ಅದರೊಳಗೆ ನುಸುಳುವುದನ್ನು ಕಂಪೈಲರೇ ತಡೆಯತೊಡಗಿತು. 2021ರ ಜಾವಾ 16ರಲ್ಲಿ ಪರೀಕ್ಷೆ ಮತ್ತು ಕ್ಯಾಸ್ಟ್ ಒಂದೇ ಸಾಲಿನಲ್ಲಿ ಸೇರಿದವು. ಡಾಲ್ ಮತ್ತು ನ್ಯೂಗಾರ್ಡ್ ಅವರಿಗೆ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಗಡಹಿಂಗ್ಲಜ, ಕೊಲ್ಹಾಪುರದ ಕಾಲೇಜುಗಳಲ್ಲಿ ಬಿಎಸ್ಸಿ, ಬಿಸಿಎ ಓದುವ ತಮ್ಮ ತಂಗಿಯರೇ, ಕ್ಯಾಸ್ಟ್ ಬರೆಯುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಈ ಕೆಲಸ ತಾಯಿ ಕ್ಲಾಸಿಗೇ ಸೇರಬೇಕಿತ್ತೇ? ಇಲ್ಲವಾದರೆ, ಎದುರಿಗಿರುವುದು ನಿಜಕ್ಕೂ ಜಕಾರ್ಡ್ ಹೌದೇ?