ಗುಂಡಿಗೆ ಹಚ್ಚಿದ ಜಿಡ್ಡು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಪಾಳೆಯಗಾರರ ನಾಡು. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ನಾಯಕರ ಕೋಟೆಗಳನ್ನು ಕುರಿತು ಬರೆದವರುಂಟು, ಕಾಳಗಗಳನ್ನು ಕುರಿತು ಬರೆದವರುಂಟು. ಆದರೆ ಕೋವಿಯ ಗುಂಡಿಗೆ ಬಳಿಯುವ ಜಿಡ್ಡಿನಂಥ ಕ್ಷುಲ್ಲಕ ವಸ್ತುವಿನತ್ತ ಇತಿಹಾಸಕಾರನ ದೃಷ್ಟಿ ಹರಿಯುವುದು ಅಪರೂಪ. ಹಾಗಿದ್ದರೂ ಒಂದು ಸಾಮ್ರಾಜ್ಯವನ್ನು ನಡುಗಿಸಿದ ಕಿಡಿ ಆ ಜಿಡ್ಡಿನಲ್ಲಿಯೇ ಅಡಗಿತ್ತು.

ಸೀಸ ಮೆತ್ತನೆಯ ಲೋಹ. ೩೨೭ ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಕರಗುತ್ತದೆ. ಒಂದು ಒಲೆ, ಒಂದು ಸೌಟು, ಒಂದು ಅಚ್ಚು ಇದ್ದರೆ ಹಳ್ಳಿಯವನೂ ಗುಂಡು ಎರೆದುಕೊಳ್ಳಬಲ್ಲ. ಹಳೆಯ ಕೋವಿಯ ನಳಿಗೆ ಒಳಗೆ ನುಣುಪು. ಗುಂಡು ಅದಕ್ಕಿಂತ ತುಸು ಸಣ್ಣದು. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ ಉಳಿಯುತ್ತದೆ. ಆದರೂ ಸಡಿಲವಾದ ಗುಂಡು ಒಳಗಿಳಿಯಲು ಅಷ್ಟಾಗಿ ತಡೆಯಿಲ್ಲ. ೧೮೫೩ರ ಎನ್‌ಫೀಲ್ಡ್ ಬಂದೂಕಿನ ಮಾತು ಬೇರೆ. ಅದರ ನಳಿಗೆಯೊಳಗೆ ಸುರುಳಿಗೆರೆಗಳಿದ್ದುವು. ಗುಂಡು ಹಿಗ್ಗಿ ಆ ಗೆರೆಗಳನ್ನು ಕಚ್ಚಿಕೊಂಡು ಹೊರಡಬೇಕಿತ್ತು. ಮಸಿ ಗಟ್ಟಿಯಾಗದಂತೆ ಜಿಡ್ಡು ಅನಿವಾರ್ಯವಾಯಿತು. ಕೊಬ್ಬು ಅಗ್ಗ, ಮೃದು. ಆದರೆ ಬಿಸಿಲಿಗೆ ಕರಗಿ ಹರಿಯುತ್ತದೆ. ಜೇನುಮೇಣ ಬಿಸಿಲನ್ನು ತಾಳುತ್ತದೆ. ಆದರೆ ಒಂಟಿಯಾಗಿ ತೀರ ಬಿರುಸು. ಆದ್ದರಿಂದ ಎರಡನ್ನೂ ಬೆರೆಸಿದರು.

ಯಾವ ಪ್ರಾಣಿಯ ಕೊಬ್ಬು? ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಸಿಪಾಯಿಗೆ ಇದು ಜಾತಿಧರ್ಮದ ಪ್ರಶ್ನೆ. ಜಿಡ್ಡಿನಲ್ಲಿ ಧರ್ಮಕ್ಕೆ ಅಡ್ಡಿಯಾಗುವುದೇನೂ ಇಲ್ಲವೆಂದು ಖಚಿತವಾಗುವವರೆಗೆ ಈ ತೋಟಾಗಳನ್ನು ದೇಶೀಯ ಸೈನಿಕರಿಗೆ ಕೊಡಬಾರದೆಂದು ಕರ್ನಲ್ ಟಕ್ಕರ್ ೧೮೫೩ರಲ್ಲಿಯೇ ಎಚ್ಚರಿಸಿದ್ದ. ಯಾರೂ ಕಿವಿಗೊಡಲಿಲ್ಲ. ೧೮೫೭ರ ಜನವರಿಯಲ್ಲಿ ಡಮ್‌ಡಮ್‌ನಲ್ಲಿ ದನ, ಹಂದಿಗಳ ಕೊಬ್ಬಿನ ಸುದ್ದಿ ಹಬ್ಬಿತು. ತಿಂಗಳು ಮುಗಿಯುವ ಮೊದಲೇ, ಜಿಡ್ಡಿಲ್ಲದ ತೋಟಾ ಕೊಡುತ್ತೇವೆ, ನಿಮಗೆ ಒಪ್ಪಿಗೆಯಾದದ್ದನ್ನು ನೀವೇ ಹಚ್ಚಿಕೊಳ್ಳಿರಿ ಎಂದು ಸರ್ಕಾರ ಇಳಿದು ಬಂತು. ಆದರೆ ಆ ವೇಳೆಗೆ ತೋಟಾದ ಕಾಗದದ ಮೇಲೂ ಸಂಶಯ ಕೂತಿತ್ತು. ಮೇ ೧೦ರಂದು ಮೀರತ್ ಹೊತ್ತಿಕೊಂಡಿತು.

ಮದರಾಸಿನ ಸೈನ್ಯದ ಬಹುಭಾಗ ಶಾಂತವಾಗಿತ್ತು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ನಮ್ಮ ಸೀಮೆಯೂ ಅದರ ಆಡಳಿತಕ್ಕೇ ಒಳಪಟ್ಟಿತ್ತು. ಆದರೆ ಬೆಂಕಿಯ ಝಳ ದೂರವಿರಲಿಲ್ಲ. ೧೮೫೭ರಲ್ಲಿಯೇ ನಿಃಶಸ್ತ್ರೀಕರಣದ ಕಾಯಿದೆ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದರು. ನವೆಂಬರಿನಲ್ಲಿ ಊರು ಸುಟ್ಟುಹೋಯಿತು, ಹಲವರು ನೇಣಿಗೇರಿದರು. ಹಡಗಲಿಯ ಸೀಮೆಯಿಂದ ತುಂಗಭದ್ರೆ ದಾಟಿದರೆ ಹಮ್ಮಿಗೆ. ಆ ಊರಿನ ಕೆಂಚನಗೌಡನೂ ಮುಂಡರಗಿಯ ಭೀಮರಾಯನೂ ೧೮೫೮ರ ಮೇ ತಿಂಗಳಲ್ಲಿ ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದರು. ಜೂನ್ ೧ರಂದು ಮೇಜರ್ ಹ್ಯೂಸನ ಪಡೆ ಕೋಟೆಯನ್ನು ಮುರಿಯಿತು; ಇಬ್ಬರೂ ಅಲ್ಲಿಯೇ ಮಡಿದರು.

ಮೇಲ್ನೋಟಕ್ಕೆ ಈ ಎರಡು ಕಥೆಗಳಿಗೆ ಸಂಬಂಧವಿಲ್ಲ. ವಿಚಾರಿಸಿದರೆ ಒಂದು ಎಳೆ ಕಾಣುತ್ತದೆ. ತನ್ನ ಒಲೆಯ ಮೇಲೆ ಸೀಸ ಕರಗಿಸಿದವನಿಗೆ ತನ್ನ ಗುಂಡಿಗೆ ಏನು ಹಚ್ಚಿದೆನೆಂಬ ಸಂದೇಹ ಹುಟ್ಟುವಂತಿಲ್ಲ. ಕಾಣದ ಕಾರ್ಖಾನೆಯಿಂದ ಬಂದ ತೋಟಾವನ್ನು ಬಾಯಿಗಿಡುವವನಿಗೆ ಕೊಟ್ಟವನ ಮೇಲೆ ನಂಬಿಕೆ ಬೇಕು. ಸರ್ಕಾರ ಸಿಪಾಯಿಗೆ ಆಯ್ಕೆಯನ್ನು ಕೊಟ್ಟದ್ದು ಆ ನಂಬಿಕೆ ಸತ್ತ ಮೇಲೆ. ಹಳ್ಳಿಯವನಿಂದಲಾದರೋ ಕೋವಿಯನ್ನೇ ಕಿತ್ತುಕೊಂಡಿತು. ಮಸಿ ಕಟ್ಟಿದ ನಳಿಗೆಗೆ ಮೇಣ ಸಾಕು. ಕೆಟ್ಟ ನಂಬಿಕೆಗೆ ಬಳಿಯುವ ಜಿಡ್ಡು ಕಂಪನಿಯ ಉಗ್ರಾಣದಲ್ಲಿರಲಿಲ್ಲ.