ಬೆಂಗಳೂರಿನ ಕಬ್ಬನ್ ಉದ್ಯಾನ: ಅದರ ಹೆಸರುಗಳ ಸಾಕ್ಷ್ಯ

ನಗರಗಳ ಚರಿತ್ರೆಯನ್ನು ಬರೆಯುವವರು ಕೋಟೆ, ದೇವಾಲಯ, ಅರಮನೆಗಳಲ್ಲಿ ತೋರುವ ಆಸ್ಥೆಯನ್ನು ತೋಟಗಳಲ್ಲಿ ತೋರುವುದು ಅಪೂರ್ವ. ತೋಟವೆಂಬುದು ಕೇವಲ ವಿಹಾರಸ್ಥಾನ, ಅದಕ್ಕೆಂತಹ ಚರಿತ್ರೆ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಆದರೆ ಬೆಳೆಯುತ್ತಿರುವ ನಗರದ ನಡುವೆ ನೂರಾರು ಎಕರೆ ನೆಲ ಮರಗಿಡಗಳಿಗಾಗಿ ಉಳಿದಿರುವುದು ಸಾಮಾನ್ಯ ಸಂಗತಿಯಲ್ಲ. ಆ ನೆಲವನ್ನು ಬಿಟ್ಟವರು ಯಾರು, ಯಾರಿಗಾಗಿ ಬಿಟ್ಟರು, ಕಡೆಗೆ ಅದು ಯಾರದಾಯಿತು ಎಂಬ ಮೂರು ಪ್ರಶ್ನೆಗಳನ್ನು ಬೆಂಗಳೂರಿನ ಕಬ್ಬನ್ ಉದ್ಯಾನದ ವಿಷಯದಲ್ಲಿ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನೆಲೆಯನ್ನು ನೋಡೋಣ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದ ಪೇಟೆಯೂ 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡೂ ನೆರೆಹೊರೆಯಲ್ಲಿದ್ದರೂ ಎರಡು ಬೇರೆ ಊರುಗಳಾಗಿಯೇ ಬೆಳೆದವು. ಪೇಟೆಯಲ್ಲಿ ಕಸುಬಿಗೊಂದು ಬೀದಿ. ದಂಡಿನಲ್ಲಿ ಕವಾಯತು ಮೈದಾನ, ಬಂಗಲೆ, ಚರ್ಚು. 1862ರಲ್ಲಿ ಎರಡಕ್ಕೂ ಪ್ರತ್ಯೇಕ ಪೌರಸಭೆಗಳು ಏರ್ಪಟ್ಟವು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದಾಗಲೂ ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿಯೇ ಉಳಿಯಿತು. ಈ ಎರಡು ಊರುಗಳ ಸಂಧಿಯಲ್ಲಿದ್ದ ಬಯಲೇ ಮುಂದೆ ಉದ್ಯಾನವಾದದ್ದು.

ರಾಜ್ಯವು ಇನ್ನೂ ಕಮಿಷನರುಗಳ ಆಡಳಿತದಲ್ಲಿದ್ದ 1870ರಲ್ಲಿ, ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ಸುಮಾರು 100 ಎಕರೆಯಲ್ಲಿ ಈ ತೋಟ ರೂಪುಗೊಂಡಿತು. ಕ್ರಮೇಣ 300 ಎಕರೆಯವರೆಗೂ ವಿಸ್ತರಿಸಿತು. ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ ಅಠಾರಾ ಕಚೇರಿ ಅದಕ್ಕೆ ಎರಡು ವರ್ಷ ಮೊದಲು, 1868ರಲ್ಲಿ, ಪೂರ್ಣಗೊಂಡಿತ್ತು. ಕಚೇರಿ ಮೊದಲು, ತೋಟ ಆಮೇಲೆ ಎಂಬ ಈ ಕ್ರಮವು ಗಮನಾರ್ಹವಾದುದು. ಅಧಿಕಾರದ ಸೌಧಕ್ಕೆ ಶೋಭೆಯನ್ನೂ ದಂಡಿನ ನಿವಾಸಿಗಳಿಗೆ ಸಾರೋಟಿನಲ್ಲಿ ಸಂಚರಿಸಲು ಅನುಕೂಲವನ್ನೂ ಒದಗಿಸುವುದು ಆರಂಭದ ಉದ್ದೇಶವಾಗಿತ್ತೆಂದು ಊಹಿಸುವುದಕ್ಕೆ ಇದರಿಂದ ಆಧಾರ ದೊರೆಯುತ್ತದೆ. ಪೇಟೆಯ ನೇಕಾರನೂ ಕಂಚುಗಾರನೂ ಈ ಯೋಜನೆಯ ಮುಂದೆ ಇದ್ದ ಚಿತ್ರದಲ್ಲಿ ಇದ್ದಂತೆ ತೋರುವುದಿಲ್ಲ.

ಇನ್ನು ಹೆಸರುಗಳ ಸಾಕ್ಷ್ಯ. ಮೊದಲು ಇದಕ್ಕೆ ಆಗ ಕಮಿಷನರ ಸ್ಥಾನದಲ್ಲಿದ್ದ ಸರ್ ಜಾನ್ ಮೀಡರ ಹೆಸರಿತ್ತು. ಅನಂತರ ಸರ್ ಮಾರ್ಕ್ ಕಬ್ಬನರ ಹೆಸರು ಬಂದಿತು. ಕಬ್ಬನರು 1834ರಿಂದ 1861ರವರೆಗೆ ಮೈಸೂರನ್ನು ಆಳಿ, ಸ್ವದೇಶಕ್ಕೆ ಹೊರಟು, ಅದೇ 1861ರಲ್ಲಿ ಸೂಯೆಜಿನಲ್ಲಿ ತೀರಿಕೊಂಡವರು. ತಮ್ಮ ಹೆಸರಿನ ಉದ್ಯಾನವನ್ನು ಅವರು ಕಂಡವರೇ ಅಲ್ಲ. ಮೂರನೆಯದಾಗಿ, 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸಂದರ್ಭದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಪ್ರತಿಮೆಗಳೂ ಇದೇ ಕಥೆಯನ್ನು ಹೇಳುತ್ತವೆ. 1906ರಲ್ಲಿ ದಂಡಿನ ಕಡೆಯ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ನಿಂತಿತು. ಚಾಮರಾಜ ಒಡೆಯರ ಪ್ರತಿಮೆ ಉದ್ಯಾನದ ಒಳಗೆ ನೆಲೆಗೊಂಡಿತು. ಶಿಲಾಶಾಸನಗಳನ್ನು ಓದುವ ಕ್ರಮದಿಂದ ಇವನ್ನು ಓದಿದಲ್ಲಿ, ಒಂದೇ ನೆಲದ ಮೇಲೆ ಎರಡು ಪ್ರಭುತ್ವಗಳು ತಂತಮ್ಮ ಮುದ್ರೆಯನ್ನು ಒತ್ತಿದುದು ವಿದಿತವಾಗುತ್ತದೆ.

ಆದರೆ ಜನರು ಮಾಡಿದುದೇನು? 1927ರ ಹೆಸರು ಕಾಗದಪತ್ರಗಳಲ್ಲಿ ಉಳಿಯಿತು; ನಾಲಗೆಯ ಮೇಲೆ ನಿಂತುದು 'ಕಬ್ಬನ್ ಪಾರ್ಕು'. ಇದನ್ನು ಅರಸರಲ್ಲಿ ಅನಾದರವೆಂದಾಗಲಿ, ಕಮಿಷನರಲ್ಲಿ ಭಕ್ತಿಯೆಂದಾಗಲಿ ಎಣಿಸಲಾಗದು. ಬಳಕೆಯಿಂದ ಸವೆದ ನಾಣ್ಯದಲ್ಲಿ ಮುಖಮುದ್ರೆ ಅಳಿಸಿ ಬೆಲೆ ಮಾತ್ರ ಉಳಿಯುವಂತೆ, ಆ ಹೆಸರಿನಲ್ಲಿ ವ್ಯಕ್ತಿ ಮರೆಯಾಗಿ ಸ್ಥಳ ಮಾತ್ರ ಉಳಿಯಿತು. ಅಠಾರಾ ಕಚೇರಿಯ ಮುಂದೆ ಬಹುಕಾಲ ನಿಂತಿದ್ದ ಕಬ್ಬನರ ಅಶ್ವಾರೂಢ ಪ್ರತಿಮೆ 2020ರಲ್ಲಿ ಉದ್ಯಾನದೊಳಕ್ಕೆ ಬಂದಿತು. ಹೆಸರು ಜನರದಾಗಿ ಎಷ್ಟೋ ಕಾಲವಾದಮೇಲೆ ಹೆಸರಿನವರು ಬಂದಂತಾಯಿತು.

ಬಳಕೆಯ ವಿಸ್ತಾರಕ್ಕೆ ಉದ್ಯಾನದಲ್ಲಿ ಎದ್ದ ಸಂಸ್ಥೆಗಳೂ ಕಾರಣ. ಇವುಗಳಲ್ಲಿ ಎರಡು ಬಗೆಯುಂಟು. 1877ರ ವಸ್ತುಸಂಗ್ರಹಾಲಯದ ಕಟ್ಟಡ, ದಿವಾನ್ ಶೇಷಾದ್ರಿ ಅಯ್ಯರರ ಸ್ಮಾರಕವಾಗಿ 1915ರಲ್ಲಿ ಸಿದ್ಧವಾದ, ಗ್ರಂಥಾಲಯಕ್ಕೆ ನೆಲೆಯಾದ ಭವನ, ಮಕ್ಕಳ ಬಾಲಭವನ ಇವು ಬಂದವರಿಗೆಲ್ಲ ಬಾಗಿಲು ತೆರೆದವು. ಸಾರೋಟಿಲ್ಲದವನಿಗೂ ಇಲ್ಲಿಗೆ ಬರಲು ಕಾರಣವನ್ನು ಕೊಟ್ಟವು. 1917ರ ಸೆಂಚುರಿ ಕ್ಲಬ್ಬಿನಂಥವು ಸದಸ್ಯರಿಗೆ ಮೀಸಲು. ಎರಡೂ ನೆಲವನ್ನು ಬಳಸಿದುವಾದರೂ ಎರಡರ ಪರಿಣಾಮ ಒಂದೇ ಅಲ್ಲ. ತೋಟದಲ್ಲಿ ಕಟ್ಟಡವಿರಬೇಕೆ ಎಂಬ ಪ್ರಶ್ನೆಗಿಂತ, ಅದರ ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆಯೇ ಸಾಮಾಜಿಕ ಚರಿತ್ರಕಾರನಿಗೆ ಮುಖ್ಯವಾದುದು.

1947ರ ಜುಲೈ ತಿಂಗಳಲ್ಲಿ ದಂಡು ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ಎರಡು ಪೌರಸಭೆಗಳೂ ಕೂಡಿ ಒಂದೇ ನಗರಸಭೆಯಾಯಿತು. ಗಡಿಯಾಗಿದ್ದ ನೆಲ ನಡುವಾಯಿತು. ನಡುವಿನ ನೆಲಕ್ಕೆ ಬೆಲೆ ಹೆಚ್ಚು, ಬೆಲೆ ಹೆಚ್ಚಿದ ನೆಲಕ್ಕೆ ಆಸೆಪಡುವವರೂ ಹೆಚ್ಚು. ಈ ಅಪಾಯವನ್ನು ತಡೆಯಲು 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಯ ಅಧಿನಿಯಮ ಬಂದಿತು. ಆದರೂ 1998ರಲ್ಲಿ ಉದ್ಯಾನದ ಒಂದು ಭಾಗವನ್ನು ಅದರ ರಕ್ಷಣೆಯಿಂದ ಹೊರತುಮಾಡಲು ಸರ್ಕಾರವೇ ಮುಂದಾದಾಗ, ನಾಗರಿಕರು ಅಲ್ಲಿ ಸೇರಿ ಪ್ರತಿಭಟಿಸಿದರು, ನ್ಯಾಯಾಲಯದ ಮೊರೆಹೊಕ್ಕರು. ಮೀಡರ ಕಾಲದಲ್ಲಿ ಯಾರನ್ನೂ ಕೇಳದೆ ನಿರ್ಮಿತವಾದ ತೋಟದ ವಿಷಯದಲ್ಲಿ, ನಮ್ಮನ್ನು ಕೇಳಬೇಕೆಂದು ಹೇಳುವ ಜನ ಆಗ ಇದ್ದರು. ಈ ವ್ಯತ್ಯಾಸವೇ ಉದ್ಯಾನದ ನಿಜವಾದ ಚರಿತ್ರೆ.

ಆದಕಾರಣ, ಕಬ್ಬನ್ ಉದ್ಯಾನವು ಹುಟ್ಟಿದಂದಿನಿಂದಲೇ ಸಾರ್ವಜನಿಕವಾಗಿತ್ತೆಂಬ ರೂಢಿಯ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. 'ಸಾರ್ವಜನಿಕ' ಎಂಬ ಪದಕ್ಕೆ ಸರ್ವಜನರಿಗೆ ಸಂಬಂಧಿಸಿದುದು ಎಂಬುದೇ ಅರ್ಥವಾದರೆ, ಆ ಸಂಬಂಧವನ್ನು ಪ್ರಭುಗಳು ದಾನವಾಗಿ ಕೊಡಲಿಲ್ಲ. ಜನರು ನಡೆದಾಡಿ, ಓದಿ, ಮಕ್ಕಳನ್ನು ಆಡಿಸಿ, ಸಮಯ ಬಂದಾಗ ವಾದಿಸಿ ಅದನ್ನು ಸಂಪಾದಿಸಿಕೊಂಡರು. ಹೀಗೆ ಸಂಪಾದಿಸಿದುದನ್ನು ಕಾಯ್ದುಕೊಳ್ಳಬೇಕಾದರೆ ಆ ಬಳಕೆಯೂ ಎಚ್ಚರವೂ ನಿಲ್ಲದೆ ಸಾಗಬೇಕು.